ಪಿಸಿ ಬಿಸಿಯಾಗ್ತಿದೆಯಾ? ಫ್ಯಾನ್ ಕೊಳ್ಳುವ ಮೊದಲು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ನೋಡಿ

ಕಲಬುರಗಿಯಲ್ಲಿ ಮಾರ್ಚ್ ಬಂತೆಂದರೆ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದೇ ಮಾತು: "ಪಿಸಿ ಭಾಳ ಬಿಸಿ ಆಗ್ಲಾಕತ್ತದ್ರಿ, ಇನ್ನ ಎರಡು ಫ್ಯಾನ್ ಕೊಡ್ರಿ." ಅಂಗಡಿಯವರು ಕೊಡುತ್ತಾರೆ. ಲೈಟಿನ ಫ್ಯಾನ್ ಎರಡು ಮನೆಗೆ ಬರುತ್ತವೆ, ಕ್ಯಾಬಿನೆಟ್ ಝಗಮಗ ಅನ್ನುತ್ತದೆ. ಬಿಸಿ ಮಾತ್ರ ಇದ್ದಲ್ಲೇ ಇರುತ್ತದೆ.

ಯಾಕೆಂದರೆ ಬಿಸಿ ಮೂರು ಹಂತ ದಾಟಿ ಹೊರಗೆ ಹೋಗಬೇಕು. ಮೊದಲು ಪ್ರೊಸೆಸರ್‌ನಿಂದ ಅದರ ಮೇಲೆ ಕೂತಿರುವ ಕೂಲರ್‌ಗೆ. ಆಮೇಲೆ ಕೂಲರ್‌ನಿಂದ ಕ್ಯಾಬಿನೆಟ್ ಒಳಗಿನ ಗಾಳಿಗೆ. ಕೊನೆಗೆ ಆ ಗಾಳಿ ಕ್ಯಾಬಿನೆಟ್‌ನಿಂದ ಕೋಣೆಗೆ. ಕ್ಯಾಬಿನೆಟ್ ಫ್ಯಾನ್ ಸಹಾಯ ಮಾಡುವುದು ಮೂರನೇ ಹಂತಕ್ಕೆ ಮಾತ್ರ. ತೊಂದರೆ ಮೊದಲ ಹಂತದಲ್ಲಿದ್ದರೆ ಹತ್ತು ಫ್ಯಾನ್ ಹಾಕಿದರೂ ಅಷ್ಟೇ. ಹಾಗಾಗಿ ಯಾವ ಹಂತದಲ್ಲಿ ಬಿಸಿ ಸಿಕ್ಕಿಕೊಂಡಿದೆ ಅಂತ ಮೊದಲು ಕಂಡುಹಿಡಿಯಬೇಕು. ಕೆಳಗಿನ ತಪಾಸಣೆಗಳಲ್ಲಿ ಹೆಚ್ಚಿನವಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು.

## ಮುಟ್ಟುವ ಮೊದಲು

ಕ್ಯಾಬಿನೆಟ್ ಒಳಗೆ ಕೈ ಹಾಕುವಾಗ ಪಿಸಿ ಶಟ್‌ಡೌನ್ ಮಾಡಿ, ಹಿಂದಿನ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತುಬಿಡಿ. ಆಮೇಲೆ ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಸ್ವಲ್ಪ ಖಾಲಿಯಾಗುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಒಮ್ಮೆ ಮುಟ್ಟಿ, ನಂತರ ಕೆಲಸ ಶುರು ಮಾಡಿ. ನಮ್ಮ ಒಣ ಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ಚಾರ್ಜ್ ಸುಲಭವಾಗಿ ಕೂಡುತ್ತದೆ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಚಾರ್ಜ್ ಇರಬಹುದು. ಅದರ ಫ್ಯಾನ್ ಕೆಟ್ಟರೂ ಡಬ್ಬಿಯನ್ನೇ ಬದಲಿಸುವುದು ಒಳ್ಳೆಯದು.

## ನಿಜವಾಗಿಯೂ ಬಿಸಿ ಜಾಸ್ತಿ ಇದೆಯಾ?

ಕೈಯಿಂದ ಮುಟ್ಟಿ ಹೇಳಲು ಬರುವುದಿಲ್ಲ. ಎಚ್‌ಡಬ್ಲ್ಯೂಇನ್ಫೋ ಥರದ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಎಲ್ಲದರ ಡಿಗ್ರಿ ಅದರಲ್ಲೇ ಕಾಣುತ್ತದೆ. ಜೊತೆಗೆ ಕೋಣೆಯ ಬಿಸಿ ತೋರಿಸುವ ಒಂದು ಸಾದಾ ಥರ್ಮಾಮೀಟರ್ ಟೇಬಲ್ ಮೇಲೆ ಇಡಿ. ಇದನ್ನು ಯಾರೂ ಇಡುವುದಿಲ್ಲ, ಆದರೆ ಅದಿಲ್ಲದೆ ಉಳಿದ ಅಂಕಿಗಳಿಗೆ ಅರ್ಥವಿಲ್ಲ.

ಯಾವ ಫ್ಯಾನೂ ಯಾವ ಕೂಲರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ ಒಂದು ಡಿಗ್ರಿ ಏರಿದರೆ ಒಳಗೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ವಿಡಿಯೋಗಳಲ್ಲಿ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ 21ರಿಂದ 25 ಡಿಗ್ರಿಯ ಕೋಣೆಯಲ್ಲಿ ಕೂತಿರುತ್ತಾರೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಮಾಳಿಗೆ ಕೋಣೆ 38, 40 ಇರುತ್ತದೆ. ಅವರಿಗೆ 70 ಬಂದರೆ ನಮಗೆ 85 ಬರುವುದು ದೋಷವಲ್ಲ, ಲೆಕ್ಕ. ಬೀದರ್ ಎತ್ತರದಲ್ಲಿರುವುದರಿಂದ ಅಲ್ಲಿಯವರಿಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಯಾದಗಿರಿಯವರಿಗೂ ನಮಗೂ ಆ ಭಾಗ್ಯ ಇಲ್ಲ.

ಮಿತಿಗಳು ಹೀಗಿವೆ. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ 100 ಡಿಗ್ರಿ ಮುಟ್ಟಿದಾಗ ತಾವೇ ವೇಗ ಇಳಿಸುತ್ತವೆ. ಎಎಂಡಿ ಕಂಪನಿಯ ರೈಝೆನ್ 5000 ಸರಣಿಯಲ್ಲಿ ಮಾದರಿ ನೋಡಿ 90 ಅಥವಾ 95. ರೈಝೆನ್ 7000 ಸರಣಿಯ ದೊಡ್ಡ ಪ್ರೊಸೆಸರ್‌ಗಳನ್ನು ಭಾರಿ ಕೆಲಸದಲ್ಲಿ 95ರವರೆಗೆ ಹೋಗಲೆಂದೇ ಮಾಡಿದ್ದಾರೆ, ಅದನ್ನು ನೋಡಿ ಗಾಬರಿಯಾಗಬೇಡಿ. ಸುಮ್ನೆ ಕೂತಿರುವಾಗ 50, ಆಟದಲ್ಲಿ 80ರಿಂದ 85 ಇದ್ದರೆ ನಮ್ಮ ಬೇಸಿಗೆಗೆ ಸರಿಯೇ. ಬ್ರೌಸರ್ ಬಿಟ್ಟು ಏನೂ ತೆರೆಯದಿದ್ದರೂ 75 ದಾಟುತ್ತಿದ್ದರೆ, ಅಥವಾ ಸಾಧಾರಣ ಆಟಕ್ಕೇ ಮಿತಿ ಮುಟ್ಟುತ್ತಿದ್ದರೆ, ಮುಂದೆ ಓದಿ.

## "ಬೆಳಿಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನ ಆಟ ತಡೆತಡೆದು ಓಡುತ್ತೆ"

ಹೆಚ್ಚಿನವರ ದೂರು ಇದು. ಬಿಸಿ ಮಿತಿ ಮುಟ್ಟಿದಾಗ ಪ್ರೊಸೆಸರೋ ಗ್ರಾಫಿಕ್ಸ್ ಕಾರ್ಡೋ ತನ್ನನ್ನು ಉಳಿಸಿಕೊಳ್ಳಲು ವೇಗ ಕಡಿಮೆ ಮಾಡುತ್ತದೆ. ಸಾಫ್ಟ್‌ವೇರ್‌ನಲ್ಲಿ ಡಿಗ್ರಿ ಏರಿದ ಅದೇ ಕ್ಷಣಕ್ಕೆ ವೇಗ ತೋರಿಸುವ ಗಿಗಾಹರ್ಟ್ಸ್ ಅಂಕಿ ಇಳಿದರೆ ಇದೇ ಕಾರಣ. ಡಿಗ್ರಿ ಆರಾಮಾಗಿದ್ದೂ ಆಟ ತಡೆಯುತ್ತಿದ್ದರೆ ಬಿಸಿಯನ್ನು ದೂರಬೇಡಿ. ರ್‍ಯಾಮ್, ಡ್ರೈವರ್, ಹಾರ್ಡ್ ಡಿಸ್ಕ್ ಕಡೆ ಹುಡುಕಿ.

ಕಾಸು ಖರ್ಚಿಲ್ಲದ ತಪಾಸಣೆಯಿಂದ ಶುರು ಮಾಡೋಣ. ಕ್ಯಾಬಿನೆಟ್ ಎಲ್ಲಿದೆ? ಕಂಪ್ಯೂಟರ್ ಟೇಬಲ್‌ನ ಕೆಳಗಿನ ಗೂಡಿನಲ್ಲಿ, ಬೆನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಹೊರಗೆ ಬಂದ ಬಿಸಿಗಾಳಿಯೇ ಸುತ್ತಿ ಮತ್ತೆ ಒಳಗೆ ಹೋಗುತ್ತದೆ. ಹಿಂದೆ ಒಂದು ಗೇಣಾದರೂ ಜಾಗ ಬಿಡಿ, ಮುಂದೆ ಏನೂ ಇಡಬೇಡಿ. ಬಹಳಷ್ಟು ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ಕೆಳಗಿನಿಂದ ಗಾಳಿ ಎಳೆಯುತ್ತದೆ. ಶಹಾಬಾದ್ ಕಲ್ಲಿನ ನೆಲ ತಂಪು ಅಂತ ನೆಲದ ಮೇಲೇ ಇಡುತ್ತೇವೆ, ತಪ್ಪಿಲ್ಲ. ಆದರೆ ಕೆಳಗೆ ಜಮಖಾನೆ ಹಾಸಿದ್ದರೆ ಆ ದಾರಿ ಮುಚ್ಚಿತು. ನೆಲದಲ್ಲೇ ಇಡುವುದಾದರೆ ನಾಲ್ಕು ಇಂಚು ಎತ್ತರದ ಒಂದು ಕಟ್ಟಿಗೆ ಮಣೆಯ ಮೇಲೆ ಇಡಿ. ಕಸ ಗುಡಿಸುವಾಗ ಏಳುವ ಧೂಳೂ ಅಷ್ಟು ಕಡಿಮೆ ಒಳಗೆ ಹೋಗುತ್ತದೆ.

ಇನ್ನು ಧೂಳು. ಮುಂದಿನ, ಕೆಳಗಿನ ಫಿಲ್ಟರ್ ಕಿತ್ತು ಬೆಳಕಿಗೆ ಹಿಡಿಯಿರಿ. ಆಚೆ ಬದಿ ಕಾಣದಿದ್ದರೆ ಗಾಳಿಯೂ ಹೋಗುತ್ತಿಲ್ಲ. ನಲ್ಲಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಆದರೆ ಫಿಲ್ಟರ್ ತೊಳೆದು ಕೆಲಸ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ. ಪ್ರೊಸೆಸರ್ ಕೂಲರ್‌ನ ಫ್ಯಾನ್ ಬಿಚ್ಚಿ, ಅದರ ಹಿಂದಿನ ಅಲ್ಯೂಮಿನಿಯಂ ಪಟ್ಟಿಗಳನ್ನು ನೋಡಬೇಕು. ಹೊರಗಿನಿಂದ ಫ್ಯಾನ್ ರೆಕ್ಕೆ ಹೊಳೆಯುತ್ತಿರುತ್ತದೆ. ಒಳಗೆ ಫ್ಯಾನಿಗೂ ಪಟ್ಟಿಗಳಿಗೂ ನಡುವೆ ಬೂದು ಬಣ್ಣದ ದಪ್ಪ ಪದರ ಕೂತಿರುತ್ತದೆ: ಕೂದಲು, ಬಟ್ಟೆಯ ಎಳೆ, ಕರಿಮಣ್ಣಿನ ನುಣುಪು ಧೂಳು. ದಾಲ್ ಮಿಲ್‌ಗಳ ಕಡೆ ಮನೆಯಿದ್ದರೆ ಅದರ ಮೇಲೆ ತೊಗರಿ ಹೊಟ್ಟಿನ ಹಳದಿ ಪುಡಿ. ಬೆರಳಿನಿಂದ ಒಂದು ತುದಿ ಎತ್ತಿದರೆ ಇಡೀ ಪದರ ಹಾಳೆಯಾಗಿ ಎದ್ದು ಬರುತ್ತದೆ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಇದನ್ನು ದಾಟಿ ಗಾಳಿ ಹೋಗುವುದಿಲ್ಲ.

ಬ್ಲೋವರ್ ಬಳಸುವವರು ಎರಡು ಮಾತು ನೆನಪಿಡಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಅಳತೆ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮತ್ತೆ, ಕ್ಯಾಬಿನೆಟ್ಟನ್ನು ಅಂಗಳಕ್ಕೋ ಮಾಳಿಗೆಗೋ ಒಯ್ದು ಊದಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ನೀರಿನ ಹನಿ, ಎಣ್ಣೆ ಎರಡೂ ಬರುತ್ತವೆ.

ಇಷ್ಟಾದ ಮೇಲೂ ಬಿಸಿ ಇದ್ದರೆ ಪಕ್ಕದ ಬಾಗಿಲಿನ ಪರೀಕ್ಷೆ. ಈ ಕೈಪಿಡಿಯಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಬಾಗಿಲು ಹಾಕಿಕೊಂಡು ಒಂದೇ ಆಟವನ್ನು 20 ನಿಮಿಷ ಆಡಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎಷ್ಟಕ್ಕೆ ಏರಿತು ಬರೆದುಕೊಳ್ಳಿ. ಕೋಣೆಯ ಡಿಗ್ರಿಯನ್ನೂ ಬರೆಯಿರಿ. ಆಮೇಲೆ ಪಿಸಿ ಆಫ್ ಮಾಡಿ ಪಕ್ಕದ ಬಾಗಿಲು ತೆಗೆದು, ಅದೇ ಆಟ, ಅದೇ 20 ನಿಮಿಷ.

ಎರಡೂ 7, 8 ಡಿಗ್ರಿ ಅಥವಾ ಇನ್ನೂ ಜಾಸ್ತಿ ಇಳಿದವಾ? ಹಾಗಾದರೆ ಕ್ಯಾಬಿನೆಟ್ ಉಸಿರಾಡುತ್ತಿಲ್ಲ, ಮೂರನೇ ಹಂತದ ತೊಂದರೆ. ಫ್ಯಾನ್ ಜೋಡಣೆ ಇಲ್ಲವೇ ಕ್ಯಾಬಿನೆಟ್ಟೇ ಕಾರಣ. ಒಂದೆರಡು ಡಿಗ್ರಿ ಮಾತ್ರ ಇಳಿಯಿತಾ? ಕ್ಯಾಬಿನೆಟ್ ಸರಿಯಿದೆ, ಹೊಸ ಫ್ಯಾನಿಗೆ ದುಡ್ಡು ಹಾಕಬೇಡಿ. ಪ್ರೊಸೆಸರ್ ಒಂದೇ ಸುಡುತ್ತಿದ್ದರೆ ಅದರ ಕೂಲರ್ ಅಥವಾ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನಿಂದ ಕೂಲರ್‌ಗೆ ಬಿಸಿ ದಾಟಿಸುವ ನಡುವಿನ ಲೇಪ) ನೋಡಬೇಕು. ಗ್ರಾಫಿಕ್ಸ್ ಕಾರ್ಡ್ ಮಾತ್ರ ಇಳಿದು ಪ್ರೊಸೆಸರ್ ಇದ್ದಷ್ಟೇ ಇದ್ದರೆ ಕಾರ್ಡಿಗೆ ಮುಂದಿನಿಂದ, ಕೆಳಗಿನಿಂದ ತಣ್ಣನೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಅಪರೂಪಕ್ಕೆ ಬಾಗಿಲು ತೆಗೆದಾಗ ಬಿಸಿ ಜಾಸ್ತಿಯಾಗುವುದೂ ಉಂಟು. ಒಳ್ಳೆಯ ಕ್ಯಾಬಿನೆಟ್‌ನಲ್ಲಿ ಗಾಳಿ ಮುಂದಿನಿಂದ ಹಿಂದಕ್ಕೆ ಒಂದೇ ದಾರಿಯಲ್ಲಿ ಹೋಗುತ್ತಿರುತ್ತದೆ, ಬಾಗಿಲು ತೆಗೆದರೆ ಆ ದಾರಿ ಒಡೆಯುತ್ತದೆ.

"ಹಾಗಾದ್ರೆ ಬಾಗಿಲು ತೆಗೆದೇ ಇಡ್ತೀನಿ" ಅನ್ನುವವರಿದ್ದಾರೆ. ಪರೀಕ್ಷೆಗೆ ಸರಿ, ಸಂಸಾರಕ್ಕೆ ಅಲ್ಲ. ನಮ್ಮ ಊರಿನ ಧೂಳಿಗೆ ಒಂದೇ ತಿಂಗಳು ಸಾಕು. ಮಕ್ಕಳ ಬೆರಳು ಫ್ಯಾನಿಗೆ ತಾಗುವ ಭಯ ಬೇರೆ. ಬೆಚ್ಚಗಿನ ಜಾಗ ಅಂತ ಹಲ್ಲಿ ಒಳಗೆ ಹೋಗಿ ಮದರ್‌ಬೋರ್ಡ್ ಮೇಲೆ ಶಾರ್ಟ್ ಆದರೆ ಹಲ್ಲಿಯೂ ಹೋಯಿತು, ಬೋರ್ಡೂ ಹೋಯಿತು.

## "ಕೂಲರ್ ಹಾಕಿದರೂ ಕೋಣೆ ತಣಿಯೋದಿಲ್ಲ, ಪಿಸಿಯೂ ತಣಿಯೋದಿಲ್ಲ"

ಇಲ್ಲಿ ಹೇಳುತ್ತಿರುವುದು ಕಿಟಕಿಯ ನೀರಿನ ಕೂಲರ್. ನಮ್ಮ ಒಣ ಬಿಸಿಲಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಪಿಸಿಗೂ ಅದರ ಲಾಭ ಸಿಗುತ್ತದೆ. ತೇವದ ಗಾಳಿಯಿಂದ ಒಳಗೆ ನೀರು ಕೂಡುತ್ತದೆ ಅಂತ ಹೆದರುವವರಿದ್ದಾರೆ. ಓಡುತ್ತಿರುವ ಪಿಸಿಯ ಒಳಭಾಗ ಕೋಣೆಗಿಂತ ಬಿಸಿಯಾಗಿರುವುದರಿಂದ ಹನಿ ಕಟ್ಟುವುದಿಲ್ಲ. ಭಯ ಇರಬೇಕಾದ್ದು ಚಿಮ್ಮುವ ಹನಿಗೆ. ಕೂಲರ್ ಮುಖಕ್ಕೆ ನೇರವಾಗಿ, ಹತ್ತಿರದಲ್ಲಿ ಕ್ಯಾಬಿನೆಟ್ ಇಟ್ಟರೆ ಗಾಳಿಯ ಜೊತೆ ಸಣ್ಣ ಹನಿ ಬರಬಹುದು. ಬೋರ್‌ವೆಲ್ ನೀರಾದರೆ ಅದು ಒಣಗಿದ ಮೇಲೆ ಬಿಳಿ ಉಪ್ಪು ಉಳಿಯುತ್ತದೆ. ಕ್ಯಾಬಿನೆಟ್ ಮೇಲೆ ಬಿಳಿ ಚುಕ್ಕೆ ಕಂಡರೆ ತಕ್ಷಣ ಜಾಗ ಬದಲಿಸಿ. ಕೋಣೆಯ ಇನ್ನೊಂದು ಮೂಲೆ, ಗಾಳಿಯ ನೇರ ದಾರಿಗೆ ಸ್ವಲ್ಪ ಓರೆಯಾಗಿ. ಪಿಸಿಗೂ ಕೂಲರ್‌ಗೂ ಬೇರೆ ಬೇರೆ ಪ್ಲಗ್ ಪಾಯಿಂಟ್ ಇರಲಿ.

ಎದುರಿನ ಕಿಟಕಿ ಒಂದಿಷ್ಟು ತೆರೆದಿರಲಿ. ಎಲ್ಲ ಮುಚ್ಚಿದರೆ ಕೂಲರ್ ತೇವ ಮಾತ್ರ ತುಂಬುತ್ತದೆ, ತಂಪಲ್ಲ. ಮೇಲಿನ ಮಹಡಿಯ ಕೋಣೆಯಾದರೆ ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿಯವರೆಗೂ ಬಿಸಿ ಬಿಡುತ್ತಿರುತ್ತದೆ. ಭಾರಿ ರೆಂಡರಿಂಗ್ ಕೆಲಸ ಇದ್ದವರು ಬೆಳಗಿನ ಜಾವಕ್ಕೆ ಇಟ್ಟುಕೊಂಡರೆ ಫ್ಯಾನ್ ಖರ್ಚಿಲ್ಲದೆ ಏಳೆಂಟು ಡಿಗ್ರಿ ಉಳಿಯಬಹುದು.

## "ಫ್ಯಾನ್ ಎಲ್ಲಾ ತಿರುಗ್ತಿವೆ, ಆದರೂ ಒಳಗೆ ಕಾವು"

ಬಾಗಿಲಿನ ಪರೀಕ್ಷೆಯಲ್ಲಿ ಬಿಸಿ ಚೆನ್ನಾಗಿ ಇಳಿದವರು ಇಲ್ಲಿಗೆ ಬನ್ನಿ.

ಮೊದಲು ದಿಕ್ಕು. ಫ್ಯಾನಿನ ಒಂದು ಮುಖದಲ್ಲಿ ರೆಕ್ಕೆ ಬರಿದಾಗಿ ಕಾಣುತ್ತದೆ. ಇನ್ನೊಂದು ಮುಖದಲ್ಲಿ ಮೂರು ನಾಲ್ಕು ಪ್ಲಾಸ್ಟಿಕ್ ಕಡ್ಡಿಗಳು ನಡುವಿನ ಮೋಟಾರನ್ನು ಹಿಡಿದಿರುತ್ತವೆ. ಸಾಮಾನ್ಯ ಫ್ಯಾನಿನಲ್ಲಿ ಗಾಳಿ ಹೊರಬರುವುದು ಕಡ್ಡಿಯ ಮುಖದಿಂದ. ಈಗ ಅಂದಕ್ಕಾಗಿ ಉಲ್ಟಾ ರೆಕ್ಕೆಯ ಫ್ಯಾನ್‌ಗಳೂ ಬಂದಿವೆ, ಅವುಗಳಲ್ಲಿ ಗಾಳಿ ಬರಿ ಮುಖದಿಂದ ಬರುತ್ತದೆ. ಗೊಂದಲ ಬೇಡ ಅಂದರೆ ಟಿಶ್ಯೂ ಕಾಗದದ ಒಂದು ಚೂರು ಹಿಡಿದು ನೋಡಿ. ಮುಂದಿನ ಜಾಲರಿಗೆ ಕಾಗದ ಅಂಟಿಕೊಳ್ಳಬೇಕು. ಹಿಂದೆ ಹಿಡಿದರೆ ಆಚೆಗೆ ಹಾರಬೇಕು. ಮುಂದೆ ಹಿಡಿದ ಕಾಗದ ಹಾರಿಬಂದರೆ ಫ್ಯಾನ್ ತಿರುವುಮುರುವು ಕೂತಿದೆ. ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿದರೆ ಆಯಿತು.

ಕಾಗದ ಅಂಟುತ್ತದೆ, ಆದರೆ ಬಹಳ ಮೆಲ್ಲಗೆ. ಆಗ ಮುಂದಿನ ಮುಖವನ್ನು ನೋಡಿ. ಗಾಜು ಅಥವಾ ಗಟ್ಟಿ ಪ್ಲಾಸ್ಟಿಕ್ ಹಲಗೆ, ಅದರ ಪಕ್ಕದಲ್ಲಿ ಬೆರಳು ತೂರದಷ್ಟು ಸಂದು. ಅದರ ಹಿಂದೆ ಮೂರು ಲೈಟಿನ ಫ್ಯಾನ್. ಇದು ಕಿಟಕಿ ಬಾಗಿಲು ಎಲ್ಲ ಮುಚ್ಚಿ ಎಕ್ಸಾಸ್ಟ್ ಹಾಕಿದ ಅಡುಗೆಮನೆಯ ಕಥೆ. ಮುಂದಿನ ಹಲಗೆ ಕಿತ್ತು ಅದೇ 20 ನಿಮಿಷದ ಪರೀಕ್ಷೆ ಮಾಡಿ. ಹಲಗೆ ಕಿತ್ತಾಗ ಬಿಸಿ ಇಳಿದರೆ ಆ ಕ್ಯಾಬಿನೆಟ್‌ಗೆ ಎಷ್ಟು ಫ್ಯಾನ್ ಹಾಕಿದರೂ ವ್ಯರ್ಥ. ಹಲಗೆ ಕಿತ್ತೇ ಬಳಸಬಹುದು, ಫ್ಯಾನ್ ಮುಂದೆ ತೆಳು ನೈಲಾನ್ ಜಾಲರಿ ಕಟ್ಟಿಕೊಂಡು. ನೋಡಲು ಚೆಂದ ಇರುವುದಿಲ್ಲ, ಕೆಲಸ ಮಾಡುತ್ತದೆ.

ಜೋಡಣೆಯಲ್ಲಿ ನನ್ನ ಮತ ಹೀಗಿದೆ: ಮುಂದೆ ಎರಡು ಫ್ಯಾನ್ ಒಳಗೆ ಎಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಸಾಮಾನ್ಯ ಮನೆ ಪಿಸಿಗೆ ಇಷ್ಟು ಸಾಕು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮೇಲ್ಭಾಗದ ಹಿಂಬದಿಯಲ್ಲಿ ಇನ್ನೊಂದು ಹೊರಗೆ ತಳ್ಳುವ ಫ್ಯಾನ್. ಮೇಲ್ಭಾಗದ ಮುಂಬದಿಯಲ್ಲಿ ಹಾಕಬೇಡಿ. ಮುಂದಿನಿಂದ ಬಂದ ತಣ್ಣನೆ ಗಾಳಿಯನ್ನು ಅದು ಪ್ರೊಸೆಸರ್ ಮುಟ್ಟುವ ಮೊದಲೇ ಹೊರಗೆ ಎಸೆದುಬಿಡುತ್ತದೆ. ಒಳಗೆ ಎಳೆಯುವುದು ಹೊರಗೆ ತಳ್ಳುವುದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಆಗ ಸಂದುಗಳಿಂದ ಗಾಳಿ ಹೊರಗೇ ಬರುತ್ತದೆ, ಧೂಳು ಫಿಲ್ಟರ್ ದಾಟಿಯೇ ಒಳಗೆ ಬರಬೇಕಾಗುತ್ತದೆ. ಹೊರಗೆ ತಳ್ಳುವುದೇ ಜಾಸ್ತಿಯಾದರೆ ಯುಎಸ್‌ಬಿ ಕಿಂಡಿ, ಹಿಂದಿನ ಸಂದು, ಎಲ್ಲೆಲ್ಲಿಂದಲೋ ಧೂಳು ಎಳೆದುಕೊಳ್ಳುತ್ತದೆ. ಯುಎಸ್‌ಬಿ ಪೋರ್ಟ್ ಒಳಗೆ ಧೂಳು ಕಟ್ಟಿದ್ದರೆ ಅದೇ ಸುಳಿವು.

## "ಇದ್ದಕ್ಕಿದ್ದಂತೆ ಆಫ್ ಆಗುತ್ತೆ"

ಇದಕ್ಕೆ ಬಿಸಿಯೇ ಕಾರಣ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಯಾವಾಗ ಆಫ್ ಆಗುತ್ತದೆ ನೋಡಿ.

ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಹೊತ್ತಿಗೆ ಆಫ್ ಆದರೆ ಅದು ಬಿಸಿಯಲ್ಲ. ಬದಲಾಗಲು ಇನ್ವರ್ಟರ್ ತೆಗೆದುಕೊಳ್ಳುವ ಸಮಯ ಜಾಸ್ತಿ ಇರಬಹುದು. ಸ್ಕ್ವೇರ್ ವೇವ್ ಇನ್ವರ್ಟರ್ ಜೊತೆ ಕೆಲವು ಹೊಸ ಎಸ್‌ಎಂಪಿಎಸ್‌ಗಳು ಹೊಂದಿಕೊಳ್ಳುವುದಿಲ್ಲ. ಪ್ಯೂರ್ ಸೈನ್ ವೇವ್ ಯುಪಿಎಸ್ ಬಗ್ಗೆ ಯೋಚಿಸಿ. ಆಟದಲ್ಲಿ ದೊಡ್ಡ ದೃಶ್ಯ ಬಂದ ಕೂಡಲೇ, ಡಿಗ್ರಿ 70 ಇರುವಾಗಲೇ ಆಫ್ ಆದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ಕಂಡರೆ ಅದು "ಸರಿಯಾಗಿ ಶಟ್‌ಡೌನ್ ಆಗಲಿಲ್ಲ" ಎಂದಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಡಿಗ್ರಿ ನಿಧಾನಕ್ಕೆ ಏರಿ ಮಿತಿ ಮುಟ್ಟಿ, ವೇಗ ಇಳಿದು, ಆಮೇಲೂ ಏರಿ ಆಫ್ ಆದರೆ ಆಗ ಬಿಸಿ.

ಆನ್ ಮಾಡಿದ ಒಂದೆರಡು ನಿಮಿಷದಲ್ಲೇ ಆಫ್ ಆಗುತ್ತಿದ್ದರೆ ಕೂಲರ್ ಪ್ರೊಸೆಸರ್ ಮೇಲೆ ಸರಿಯಾಗಿ ಕೂತಿಲ್ಲದಿರಬಹುದು. ಮತ್ತೆ ಮತ್ತೆ ಆನ್ ಮಾಡಬೇಡಿ. ಹೊಸ ಪಿಸಿಯಾದರೆ ಕೂಲರ್ ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿ, ಇದು ನಂಬಲಾಗದಷ್ಟು ಸಾಮಾನ್ಯ. ಇಂಟೆಲ್ ಡಬ್ಬಿಯಲ್ಲೇ ಬರುವ ಕೂಲರ್ ಆದರೆ ನಾಲ್ಕು ಪುಶ್ ಪಿನ್‌ಗಳನ್ನು ನೋಡಿ. ಒಂದು ಸಡಿಲವಾದರೂ ಕೂಲರ್ ಒಂದು ಮೂಲೆಯಲ್ಲಿ ಎದ್ದಿರುತ್ತದೆ, ಬೆರಳಿನಿಂದ ಒತ್ತಿದರೆ ಅಲುಗಾಡುತ್ತದೆ. ಪಿನ್ ತಲೆಯ ಮೇಲಿನ ಬಾಣದ ದಿಕ್ಕು ಬಿಚ್ಚುವುದಕ್ಕೆ. ಕೂರಿಸುವಾಗ ತಲೆಯನ್ನು ಅದಕ್ಕೆ ಎದುರು ದಿಕ್ಕಿನಲ್ಲಿಟ್ಟು, ಒಂದು ಮೂಲೆ, ಆಮೇಲೆ ಅದರ ಎದುರು ಮೂಲೆ ಹೀಗೆ ಒತ್ತಿ. ಪ್ರತಿ ಸಲ ಟಕ್ ಅನ್ನಬೇಕು. ಬೋರ್ಡಿನ ಹಿಂಬದಿ ಕಾಣುವ ಹಾಗಿದ್ದರೆ ನಾಲ್ಕೂ ಪಿನ್ ಪೂರ್ತಿ ಹೊರಬಂದಿವೆಯೇ ನೋಡಿ.

ಥರ್ಮಲ್ ಪೇಸ್ಟ್ ಬದಲಿಸುವುದು ಇವೆಲ್ಲದರ ನಂತರ. ನಾಲ್ಕೈದು ವರ್ಷ ಹಳೆಯ ಪಿಸಿಯಲ್ಲಿ ಪೇಸ್ಟ್ ಒಣಗಿರುವ ಸಾಧ್ಯತೆ ಇದೆ, ಹೊಸದರಲ್ಲಿ ಕಡಿಮೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಬಟಾಣಿಯಷ್ಟು ಹೊಸದು ನಡುವೆ ಹಾಕಿ. ರೈಝೆನ್ 5000ವರೆಗಿನ ಎಎಂ4 ಸಾಕೆಟ್‌ನ ಬೋರ್ಡ್ ಇದ್ದವರು ಹುಷಾರು: ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಪ್ರೊಸೆಸರ್ ಅದಕ್ಕೆ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತುಬರುತ್ತದೆ, ಪಿನ್ ಬಾಗುತ್ತವೆ. ಬಿಚ್ಚುವ ಮುಂಚೆ ಪಿಸಿಯನ್ನು ಸ್ವಲ್ಪ ಓಡಿಸಿ ಬಿಸಿ ಮಾಡಿ. ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಸಡಿಲಿಸಿ, ಆಮೇಲೆ ಎತ್ತಿ. ಕೈ ನಡುಗುತ್ತದೆ ಅನ್ನುವವರು ಇಲ್ಲಿಗೆ ನಿಲ್ಲಿಸಿ ಅಂಗಡಿಗೆ ಒಯ್ಯಿರಿ. ಪೇಸ್ಟ್ ಹಾಕುವ ಕೂಲಿ ಹೊಸ ಪ್ರೊಸೆಸರ್‌ಗಿಂತ ಎಷ್ಟೋ ಕಡಿಮೆ.

ಲಿಕ್ವಿಡ್ ಕೂಲರ್ (ಪೈಪಿನಲ್ಲಿ ದ್ರವ ಹರಿಸಿ ಪ್ರೊಸೆಸರ್ ತಣಿಸುವುದು) ಇದ್ದರೆ ಪಂಪ್ ತಿರುಗುತ್ತಿದೆಯೇ ನೋಡಿ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಪಂಪ್ ವೇಗ ಸೊನ್ನೆ ತೋರಿಸಿ, ಒಂದು ಪೈಪ್ ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ. ಇದನ್ನು ಮನೆಯಲ್ಲಿ ರಿಪೇರಿ ಮಾಡಲಾಗದು. ಪಿಸಿ ಬಳಸುವುದು ನಿಲ್ಲಿಸಿ, ವಾರಂಟಿ ಕೇಳಿ. ಸುಟ್ಟ ವಾಸನೆ, ಹೊಗೆ, ಎಸ್‌ಎಂಪಿಎಸ್‌ನಿಂದ ಚಟಪಟ ಸದ್ದು ಬಂದರೆ ಗೋಡೆಯ ಸ್ವಿಚ್ ಆಫ್ ಮಾಡಿ. ತಿರುಗಿ ಆನ್ ಮಾಡಿ ನೋಡುವ ಕುತೂಹಲ ಬೇಡ.

## "ಫ್ಯಾನ್ ಸದ್ದಿಗೆ ಪಕ್ಕದ ಕೋಣೆಯಲ್ಲೂ ನಿದ್ದೆ ಬರಲ್ಲ"

ಯಾವಾಗಲೂ ಒಂದೇ ಜೋರು ಸದ್ದಿದ್ದರೆ ಫ್ಯಾನ್ ಪೂರ್ತಿ ವೇಗದಲ್ಲಿದೆ. ಅದರ ವೈರ್ ಎಸ್‌ಎಂಪಿಎಸ್‌ನ ದೊಡ್ಡ ನಾಲ್ಕು ಪಿನ್ನಿನ ಕನೆಕ್ಟರ್‌ಗೆ ನೇರವಾಗಿ ಹೋಗಿದ್ದರೆ ಮದರ್‌ಬೋರ್ಡ್ ಅದರ ವೇಗ ಇಳಿಸಲಾರದು. ಮದರ್‌ಬೋರ್ಡ್‌ಗೆ ಹಾಕಿದ್ದರೆ ಪಿನ್ ಎಣಿಸಿ. ಮೂರು ಪಿನ್ ಫ್ಯಾನನ್ನು ವೋಲ್ಟೇಜ್ ಬದಲಿಸಿ ನಿಯಂತ್ರಿಸುತ್ತಾರೆ, ನಾಲ್ಕು ಪಿನ್ನಿನದನ್ನು ನಾಲ್ಕನೇ ಪಿನ್ನಿನಲ್ಲಿ ಬರುವ ಪಿಡಬ್ಲ್ಯುಎಂ ಸಿಗ್ನಲ್‌ನಿಂದ. ಮೂರು ಪಿನ್ ಫ್ಯಾನ್ ಹಾಕಿ ಬಯಾಸ್‌ನಲ್ಲಿ ಪಿಡಬ್ಲ್ಯುಎಂ ಆಯ್ಕೆ ಮಾಡಿದ್ದರೆ ಅದು ಯಾವಾಗಲೂ ಪೂರ್ತಿ ವೇಗದಲ್ಲೇ ಕೂಗುತ್ತದೆ. ಡಿಸಿ (ವೋಲ್ಟೇಜ್ ನಿಯಂತ್ರಣ) ಅಂತ ಬದಲಿಸಿ.

ಸದ್ದು ಏರುತ್ತಾ ಇಳಿಯುತ್ತಾ ಇದ್ದರೆ ಅದು ಫ್ಯಾನ್ ಕರ್ವ್, ಅಂದರೆ ಎಷ್ಟು ಡಿಗ್ರಿಗೆ ಎಷ್ಟು ವೇಗ ಅನ್ನುವ ಸೆಟ್ಟಿಂಗ್. ಕೋಣೆ 25 ಇರುವ ಊರಿನವರ ಕರ್ವ್ ನಕಲು ಮಾಡಿದರೆ ನಮಗೆ ಕಷ್ಟ. ಅವರ ಪಿಸಿ ಸುಮ್ನೆ ಇದ್ದಾಗ 35 ಇರುತ್ತದೆ, ನಮ್ಮದು 50. ಅವರು 50ಕ್ಕೆ ಅರ್ಧ ವೇಗ ಕೊಟ್ಟಿದ್ದರೆ ನಮ್ಮ ಫ್ಯಾನ್ ದಿನವಿಡೀ ಅರ್ಧ ವೇಗದಲ್ಲಿ ಓಡುತ್ತದೆ. ಬೇಸಿಗೆಗೆ ಇಡೀ ಕರ್ವನ್ನು 10, 12 ಡಿಗ್ರಿ ಬಲಕ್ಕೆ ಸರಿಸಿ. 60ರವರೆಗೆ ಮೆಲ್ಲಗೆ, 75 ದಾಟಿದ ಮೇಲೆ ಜೋರು. ಫ್ಯಾನ್ ವೇಗ ಬದಲಿಸುವ ಮುನ್ನ ಕೆಲವು ಸೆಕೆಂಡ್ ಕಾಯುವ ಆಯ್ಕೆ ಬಯಾಸ್‌ನಲ್ಲಿದ್ದರೆ ಅದನ್ನೂ ಹಾಕಿ.

ಟಕಟಕ ಸದ್ದು ಬಂದರೆ ವೈರ್ ರೆಕ್ಕೆಗೆ ತಾಗುತ್ತಿದೆ. ಗರಗರ ಸದ್ದು, ಅದರಲ್ಲೂ ಬೆಳಿಗ್ಗೆ ಆನ್ ಮಾಡಿದಾಗ ಜಾಸ್ತಿ ಆಮೇಲೆ ಕಡಿಮೆಯಾದರೆ, ಬೇರಿಂಗ್ ಮುಗಿಯುತ್ತಾ ಬಂದಿದೆ. ಅಗ್ಗದ ಸ್ಲೀವ್ ಬೇರಿಂಗ್ ಫ್ಯಾನ್‌ಗಳು ಬಿಸಿಗೆ, ಧೂಳಿಗೆ ಬೇಗ ಹೋಗುತ್ತವೆ. ಎಣ್ಣೆ ಬಿಟ್ಟು ನಾಲ್ಕು ದಿನ ತಳ್ಳಬಹುದು, ಕೊನೆಗೆ ಹೊಸದೇ ಬೇಕು. ಲೈಟಿಲ್ಲದ, ಫ್ಲೂಯಿಡ್ ಡೈನಮಿಕ್ ಬೇರಿಂಗ್‌ನ ಒಂದು ಫ್ಯಾನ್ ಮೂರು ಲೈಟಿನ ಫ್ಯಾನ್‌ಗಿಂತ ಮೇಲು.

## "ಫ್ಯಾನ್ ತಿರುಗುತ್ತಲೇ ಇಲ್ಲ"

ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಸುಮ್ನೆ ಇರುವಾಗ ತಿರುಗದಿದ್ದರೆ ಅದು ದೋಷವಲ್ಲ. ಈಗಿನ ಬಹಳಷ್ಟು ಕಾರ್ಡ್‌ಗಳು ಬಿಸಿಯಾದ ಮೇಲೆಯೇ ಫ್ಯಾನ್ ಶುರು ಮಾಡುತ್ತವೆ. ಆಟ ಹಾಕಿ ನೋಡಿ. ಆನ್ ಮಾಡಿದಾಗ ಸಿಪಿಯು (ಅಂದರೆ ಪ್ರೊಸೆಸರ್) ಫ್ಯಾನ್ ಎರರ್ ಅಂತ ಬಂದರೆ ಕೂಲರ್ ವೈರ್ ಬೇರೆ ಹೆಡರ್‌ಗೆ (ಫ್ಯಾನ್ ವೈರ್ ಚುಚ್ಚುವ ಮದರ್‌ಬೋರ್ಡ್ ಪಿನ್‌ಗಳು) ಹೋಗಿದೆ, ಅಥವಾ ಫ್ಯಾನ್ ನಿಂತಿದೆ. ಬೋರ್ಡ್ ಮೇಲೆ ಸಿಪಿಯು ಫ್ಯಾನ್ ಅಂತ ಬರೆದಿರುವ ಹೆಡರ್‌ಗೇ ಹಾಕಿ. ಕ್ಯಾಬಿನೆಟ್ ಫ್ಯಾನ್ ನಿಂತಿದ್ದರೆ ಅದನ್ನು ಓಡುತ್ತಿರುವ ಇನ್ನೊಂದು ಫ್ಯಾನಿನ ಹೆಡರ್‌ಗೆ ಹಾಕಿ ನೋಡಿ. ಅಲ್ಲಿ ತಿರುಗಿದರೆ ಹೆಡರ್ ಅಥವಾ ಸೆಟ್ಟಿಂಗ್ ತೊಂದರೆ, ಅಲ್ಲೂ ತಿರುಗದಿದ್ದರೆ ಫ್ಯಾನ್ ಸತ್ತಿದೆ.

ಒಂದು ಹೆಡರ್ ಸಾಮಾನ್ಯವಾಗಿ ಒಂದು ಆಂಪಿಯರ್‌ವರೆಗೆ ತಡೆಯುತ್ತದೆ. ಫ್ಯಾನಿನ ಬೆನ್ನ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ, ಕೂಡಿಸಿ ನೋಡಿ. ಸ್ಪ್ಲಿಟರ್ ಹಾಕಿ ಐದಾರು ಫ್ಯಾನ್ ಒಂದೇ ಹೆಡರ್‌ಗೆ ಜೋತುಹಾಕಬೇಡಿ. ಇನ್ನೊಂದು: ಮೂರು ಪಿನ್ನಿನ 5 ವೋಲ್ಟ್ ಲೈಟ್ ವೈರನ್ನು ನಾಲ್ಕು ಪಿನ್ನಿನ 12 ವೋಲ್ಟ್ ಹೆಡರ್‌ಗೆ ಒತ್ತಿ ಕೂರಿಸಿದರೆ ಲೈಟ್ ಸುಟ್ಟುಹೋಗುತ್ತದೆ. ಸಲೀಸಾಗಿ ಕೂರದಿದ್ದರೆ ಒತ್ತಬೇಡಿ.

## "ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ"

ಬರಿಗಾಲಲ್ಲಿ ಕಲ್ಲಿನ ನೆಲದ ಮೇಲೆ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಸಣ್ಣಗೆ ಜುಮ್ ಅಂದರೆ ಮನೆಯ ಅರ್ಥಿಂಗ್ ಸರಿಯಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಅತಿ ಸಣ್ಣ ಕರೆಂಟ್ ಕ್ಯಾಬಿನೆಟ್‌ಗೆ ಬರುತ್ತದೆ, ಅದು ಅರ್ಥ್ ವೈರ್ ಮೂಲಕ ನೆಲಕ್ಕೆ ಹೋಗಬೇಕು. ಅರ್ಥ್ ಇಲ್ಲದಿದ್ದರೆ ನಿಮ್ಮ ಮೂಲಕ ಹೋಗುತ್ತದೆ. ಎರಡು ಪಿನ್ ಪ್ಲಗ್, ಅರ್ಥ್ ಪಿನ್ ಕತ್ತರಿಸಿದ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಮೊದಲು ಅದನ್ನು ಬದಲಿಸಿ. ಆಮೇಲೂ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಜುಮ್ ಅನ್ನುವುದು ಬಿಟ್ಟು ಜೋರಾಗಿ ಹೊಡೆದರೆ ಪಿಸಿ ಬಳಸಲೇಬೇಡಿ. ಪಕ್ಕದಲ್ಲಿ ನೀರಿನ ಕೂಲರ್ ಓಡುವ ಮನೆಯಲ್ಲಿ ಇದನ್ನು ನಾಳೆಗೆ ತಳ್ಳುವುದು ಬೇಡ.

## ಕ್ಯಾಬಿನೆಟ್ ಬದಲಿಸಲೇಬೇಕಾದರೆ

ಬಾಗಿಲಿನ ಪರೀಕ್ಷೆ, ಹಲಗೆಯ ಪರೀಕ್ಷೆ ಎರಡೂ ಕ್ಯಾಬಿನೆಟ್ಟನ್ನೇ ತೋರಿಸಿದರೆ ಬದಲಿಸಿ. ಮುಂದೆ ಪೂರ್ತಿ ಜಾಲರಿ ಇರುವುದನ್ನೇ ಕೊಳ್ಳಿ. ಅಂಗಡಿಯಲ್ಲಿ ಮುಂದಿನ ಹಲಗೆ ಕಿತ್ತು ತೋರಿಸಲು ಹೇಳಿ. ಫಿಲ್ಟರ್ ಸ್ಕ್ರೂ ಇಲ್ಲದೆ ಕೈಯಲ್ಲಿ ಎಳೆದರೆ ಬರಬೇಕು. ನಮ್ಮ ಧೂಳಿಗೆ ತಿಂಗಳಿಗೊಮ್ಮೆ ತೊಳೆಯಬೇಕು, ಸ್ಕ್ರೂಡ್ರೈವರ್ ಹುಡುಕಬೇಕಾದರೆ ಯಾರೂ ತೊಳೆಯುವುದಿಲ್ಲ.

ಅಳತೆ ಪಟ್ಟಿ ಬರೆದುಕೊಂಡು ಹೋಗಿ: ನಿಮ್ಮ ಮದರ್‌ಬೋರ್ಡ್ ಎಟಿಎಕ್ಸ್ ಅಳತೆಯದೋ ಅದಕ್ಕಿಂತ ಚಿಕ್ಕ ಮೈಕ್ರೋ ಎಟಿಎಕ್ಸ್ ಅಳತೆಯದೋ, ಗ್ರಾಫಿಕ್ಸ್ ಕಾರ್ಡ್ ಎಷ್ಟು ಉದ್ದ, ಪ್ರೊಸೆಸರ್ ಕೂಲರ್ ಎಷ್ಟು ಎತ್ತರ. ಟವರ್ ಕೂಲರ್‌ಗಳು ಹೆಚ್ಚಾಗಿ 155ರಿಂದ 160 ಮಿಲಿಮೀಟರ್ ಇರುತ್ತವೆ. ಸಣ್ಣ ಕ್ಯಾಬಿನೆಟ್‌ನಲ್ಲಿ ಅವು ನಿಂತರೆ ಪಕ್ಕದ ಬಾಗಿಲು ಮುಚ್ಚುವುದಿಲ್ಲ. ಕಾರ್ಡಿಗೆ ಕ್ಯಾಬಿನೆಟ್‌ನಲ್ಲಿ ಸಿಗುವ ಜಾಗ ಲೆಕ್ಕ ಹಾಕುವಾಗ ಅದರಿಂದ ಮುಂದಿನ ಫ್ಯಾನಿನ 25 ಮಿಲಿಮೀಟರ್ ದಪ್ಪ ಕಳೆಯಲು ಮರೆಯಬೇಡಿ. ಮುಂದೆ 140 ಮಿಲಿಮೀಟರ್ ಫ್ಯಾನ್ ಹಿಡಿಯುವ ಹಾಗಿದ್ದರೆ ಅದನ್ನೇ ಹಾಕಿ, ಅಷ್ಟೇ ಗಾಳಿಯನ್ನು ಕಡಿಮೆ ಸದ್ದಿನಲ್ಲಿ ಕೊಡುತ್ತದೆ.

ಲಿಕ್ವಿಡ್ ಕೂಲರ್ ಬೇಕಾ ಅಂತ ಕೇಳುವವರಿಗೆ: ಮಧ್ಯಮ ದರ್ಜೆಯ ಪ್ರೊಸೆಸರ್‌ಗೆ ಬೇಡ. ಅದೂ ಕೋಣೆಯ ಗಾಳಿಯಿಂದಲೇ ತಣಿಯಬೇಕು, ಅದೇ 40 ಡಿಗ್ರಿಯ ಗಾಳಿಯಿಂದ. ಪಂಪ್ ಅಂತ ಕೆಡುವ ಇನ್ನೊಂದು ಭಾಗ ಸೇರಿಕೊಳ್ಳುತ್ತದೆ. ಆ ದುಡ್ಡಿನಲ್ಲಿ ಒಳ್ಳೆಯ ಟವರ್ ಕೂಲರೂ ಜಾಲರಿ ಮುಖದ ಕ್ಯಾಬಿನೆಟ್ಟೂ ಎರಡೂ ಬರಬಹುದು. ಹೈದರಾಬಾದ್‌ನಿಂದ ತರುವವರು ಗಾಜಿನ ಬಾಗಿಲು ಕಿತ್ತು ಬೇರೆ ಸುತ್ತಿ ತನ್ನಿ. ಮನೆಗೆ ಬಂದು ಜೋಡಿಸುವಾಗ ಆ ಬಾಗಿಲನ್ನು ಕಲ್ಲಿನ ನೆಲದ ಮೇಲೆ ಮೂಲೆಯೂರಿ ನಿಲ್ಲಿಸಬೇಡಿ. ಟೆಂಪರ್ಡ್ ಗಾಜಿನ ಮೂಲೆಗೆ ಕಲ್ಲು ತಾಗಿದರೆ ಇಡೀ ಗಾಜು ಒಮ್ಮೆಗೇ ಪುಡಿಯಾಗುತ್ತದೆ. ಹಾಸಿಗೆಯ ಮೇಲೆ ಮಲಗಿಸಿಡಿ.